ಚೆರ್ರಿ ಸ್ಟೌಟ್ ರುಚಿ ನೋಡುವ ಕ್ರಮ

ಹಣ್ಣಿನ ಬಿಯರ್ ಅಂದ ಕೂಡಲೇ ಶರಬತ್ತಿನ ಸಿಹಿ ಇರುತ್ತದೆಂದು ಗ್ಲಾಸ್ ಎತ್ತುವವರು, ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಬಿಯರ್ ಕೆಟ್ಟಿರುವುದಿಲ್ಲ. ಹಣ್ಣಿನ ಸಕ್ಕರೆಯ ಬಹುಪಾಲನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ. ಉಳಿಯುವುದು ಘಮ, ಹುಳಿ ಮತ್ತು ಸಿಪ್ಪೆಯ ಒಗರು. ಸ್ಟೌಟ್ ಎಂದರೆ ಹುರಿದ ಬಾರ್ಲಿ ಹಾಕಿ ಮಾಡುವ ಕಪ್ಪು ಬಿಯರ್. ಈ ಮೂರೂ ಆ ಹುರಿದ ಬಾರ್ಲಿಯ ಕಹಿಯೊಂದಿಗೆ ಹೊಂದಿಕೊಂಡಿವೆಯೇ ಎಂದು ಗಮನಿಸಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಬೆಲ್ಸ್ ಬ್ರೂವರಿಯ ಚೆರ್ರಿ ಸ್ಟೌಟನ್ನೇ ತೆಗೆದುಕೊಳ್ಳೋಣ. ಅದೇ ರಾಜ್ಯದ ಟ್ರಾವರ್ಸ್ ಸಿಟಿ ಕಡೆಯ ಮೊಂಟ್‌ಮೊರೆನ್ಸಿ ಚೆರ್ರಿ ಇದರಲ್ಲಿದೆ, ಆಲ್ಕೋಹಾಲ್ ಶೇ. 7. ಮೊಂಟ್‌ಮೊರೆನ್ಸಿ ಎಂದರೆ ಪೈ (ಹಣ್ಣು ತುಂಬಿ ಬೇಯಿಸುವ ತಿಂಡಿ) ಮಾಡಲು ಬಳಸುವ ಹುಳಿ ಚೆರ್ರಿ. ನಮ್ಮ ಬೇಕರಿ ಕೇಕಿನ ಮೇಲಿನ ಕೆಂಪು ‘ಚೆರ್ರಿ’ಯನ್ನು ಮನಸ್ಸಿನಿಂದ ತೆಗೆದುಹಾಕಿ, ಅದು ಎಷ್ಟೋ ಸಲ ಸಕ್ಕರೆ ಪಾಕದ ಕವಳೆಕಾಯಿ.

ರುಚಿ ನೋಡುವ ಒಂದು ಗಂಟೆ ಮೊದಲಿನಿಂದ ಕಾಫಿ, ಎಲೆಅಡಿಕೆ, ಈರುಳ್ಳಿ ಬೇಡ. ಕೈಗೆ ಸುಗಂಧವಿರುವ ಸೋಪೂ ಬೇಡ. ಕೆಳಗೆ ಅಗಲವಾಗಿ ಬಾಯಿಯ ಕಡೆ ಸ್ವಲ್ಪ ಕಿರಿದಾಗುವ 300–350 ಮಿ.ಲೀ. ಗ್ಲಾಸ್ ಆರಿಸಿ. ಒಳಗೆ ನೀರು ಹಾಯಿಸಿ ಬಗ್ಗಿಸಿದಾಗ ನೀರು ಒಂದೇ ಪದರವಾಗಿ ಜಾರಿದರೆ ಗ್ಲಾಸ್ ಶುದ್ಧ. ಹನಿಹನಿಯಾಗಿ ನಿಂತರೆ ಜಿಡ್ಡಿದೆ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ.

ಹೆಚ್ಚಿನವರು ಎಡವುವುದು ತಂಪಿನ ವಿಷಯದಲ್ಲಿ. ಫ್ರಿಜ್‌ನ 4 ಡಿಗ್ರಿಯಲ್ಲಿ ಹಣ್ಣಿನ ಘಮ ಮಲಗಿರುತ್ತದೆ, ಕಹಿ ಮತ್ತು ಒಗರು ಮಾತ್ರ ಎದ್ದು ಕಾಣುತ್ತವೆ. 10ರಿಂದ 13 ಡಿಗ್ರಿ ಸರಿ. 355 ಮಿ.ಲೀ. ಬಾಟಲಿಯನ್ನು ಬೆಂಗಳೂರಿನ ಸಾಧಾರಣ ಸೆಕೆಯಲ್ಲಿ ಸುಮಾರು 20 ನಿಮಿಷ ಮೊದಲೇ ಹೊರಗಿಡಿ, ಮಂಗಳೂರಿನ ಬೇಸಿಗೆಯಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಬಾಟಲಿ ಹಿಡಿದರೆ ತಣ್ಣಗಿರಬೇಕು, ಕೈ ಕೊರೆಯಬಾರದು.

ಗ್ಲಾಸನ್ನು ಓರೆ ಹಿಡಿದು ಸುರಿಯಲು ಶುರುಮಾಡಿ, ಆಮೇಲೆ ನೆಟ್ಟಗೆ ಮಾಡಿ. 120 ಮಿ.ಲೀ. ಸಾಕು, ಮೇಲೆ ಒಂದೆರಡು ಸೆಂ.ಮೀ. ನೊರೆ ಬರಲಿ. ಘಮ ಕೂಡಿಕೊಳ್ಳಲು ಜಾಗ ಬೇಕು, ಆದ್ದರಿಂದ ತುಂಬಾ ಸುರಿಯಬೇಡಿ. ತಳದಲ್ಲಿ ಗಸಿ ಕಂಡರೆ ಕೊನೆಯ ಒಂದು ಸೆಂ.ಮೀ. ಬಾಟಲಿಯಲ್ಲೇ ಉಳಿಸಿ. ಮೊಬೈಲ್ ಟಾರ್ಚ್ ಎದುರು ಹಿಡಿದರೆ ಕಪ್ಪಿನ ಅಂಚಿನಲ್ಲಿ ಕೆಂಪು ಹೊಳಪು ಕಾಣಬಹುದು.

ಈಗ ಮೂಗು. ಉದ್ದುದ್ದ ಎಳೆಯಬೇಡಿ, ಮೂಗು ಬೇಗ ದಣಿಯುತ್ತದೆ. ಮೂರು ಚಿಕ್ಕ ಉಸಿರು ಸಾಕು. ಬಳಿಕ ಅಂಗೈಯಿಂದ ಗ್ಲಾಸ್ ಮುಚ್ಚಿ ಎರಡು ಸುತ್ತು ತಿರುಗಿಸಿ, ಕೈ ತೆಗೆದ ತಕ್ಷಣ ಮತ್ತೆ ಮೂಸಿ. ಮೊದಲು ಹುರಿದ ಕಾಫಿ ಬೀಜ, ಕೋಕೋ, ಅಂಚು ಕಂದಿದ ಬ್ರೆಡ್. ಅದರ ಹಿಂದಿನಿಂದ ಚೆರ್ರಿ. ಬಾದಾಮಿಯ ವಾಸನೆಯೂ ಬಂದರೆ ಅನುಮಾನ ಬೇಡ. ಅದು ಬೆಂಜಾಲ್ಡಿಹೈಡ್, ಚೆರ್ರಿ ಓಟೆಯಲ್ಲೂ ಕಹಿ ಬಾದಾಮಿಯಲ್ಲೂ ಸಿಗುವ ಒಂದೇ ಘಮ. ಮಿತಿಮೀರಿದರೆ ಮಾತ್ರ ಕೆಮ್ಮಿನ ಸಿರಪ್ ನೆನಪಾಗುತ್ತದೆ, ಆಗ ಅದನ್ನು ಕೊರತೆ ಎಂದೇ ಬರೆದುಕೊಳ್ಳಿ.

15–20 ಮಿ.ಲೀ. ಗುಟುಕು ತೆಗೆದು, ನಾಲ್ಕೈದು ಸೆಕೆಂಡು ಬಾಯಿ ತುಂಬ ಆಡಿಸಿ ನುಂಗಿ. ಉಗುಳಿದರೆ ಕಹಿಯ ಕೊನೆ ಸಿಗುವುದಿಲ್ಲ. ನುಂಗಿ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಚೆರ್ರಿ ಸ್ಪಷ್ಟವಾಗಿ ತಿಳಿಯುವುದು ಆ ಉಸಿರಿನಲ್ಲೇ. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ತೀರ್ಮಾನ ಎರಡನೆಯದರಿಂದ. ನೇರಳೆಹಣ್ಣು ತಿಂದ ನಾಲಿಗೆಯಂತೆ ತುಸು ಒಗರು ನಿಂತರೆ ಚೆನ್ನ. ಬಾಯೆಲ್ಲ ಒಣಗಿ ಎಳೆದಂತಾದರೆ ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅಥವಾ ಸಿಪ್ಪೆಯ ಒಗರು ಹೆಚ್ಚಾಗಿದೆ.

ಹುಳಿಗಳಲ್ಲೂ ಭೇದವಿದೆ. ಚೆರ್ರಿಯದು ಮುಖ್ಯವಾಗಿ ಸೇಬಿನಲ್ಲೂ ಇರುವ ಮ್ಯಾಲಿಕ್ ಆಮ್ಲ: ಬಾಯಲ್ಲಿ ನೀರೂರಿಸುತ್ತದೆ, ಮೂಗಿಗೆ ಚುಚ್ಚುವುದಿಲ್ಲ. ಮೂಗಿಗೆ ಚುರುಕ್ ಎಂದು ಗಂಟಲು ಉರಿದರೆ ಅದು ವಿನೆಗರ್, ಬ್ಯಾಕ್ಟೀರಿಯಾ ಸೇರಿದೆ. ಬೆಣ್ಣೆಯ ವಾಸನೆ ಹುದುಗು ಸರಿಯಾಗಿ ಮುಗಿಯದ್ದಕ್ಕೆ ಬಂದಿರಬಹುದು. ಒದ್ದೆ ರಟ್ಟಿನ ವಾಸನೆ ಆಮ್ಲಜನಕ ತಾಗಿ ಹಳಸಿದ ಗುರುತು. ಮುಚ್ಚಳ ತೆಗೆದೊಡನೆ ನೊರೆ ಉಕ್ಕಿ ಹರಿದರೆ, ಉಳಿದ ಸಕ್ಕರೆ ಬಾಟಲಿಯೊಳಗೇ ಮತ್ತೆ ಹುದುಗಿರುವ ಸಾಧ್ಯತೆ ಹೆಚ್ಚು.

ಅರ್ಧ ಗ್ಲಾಸ್ ಹಾಗೇ ಬಿಟ್ಟು ಹದಿನೈದು ನಿಮಿಷದ ನಂತರ ಮತ್ತೆ ಕುಡಿಯಿರಿ. ಬಿಸಿಯೇರಿದಂತೆ ಕೋಕೋ ಮುಂದೆ ಬರುತ್ತದೆ, ಶೇ. 7ರ ಆಲ್ಕೋಹಾಲಿನ ಕಾವು ತಿಳಿಯುತ್ತದೆ. ಎರಡೂ ಸಲದ್ದನ್ನು ಬೇರೆಬೇರೆ ಬರೆದಿಡಿ. ನಡುವೆ ನೀರು, ಬೆಣ್ಣೆ ಹಚ್ಚದ ಬ್ರೆಡ್ ಸಾಕು. ಜೊತೆಗೆ ಚಾಕೊಲೇಟ್ ಬೇಕೆಂದರೆ ಶೇ. 70 ಕೋಕೋದ್ದು ಇರಲಿ. ಮಿಲ್ಕ್ ಚಾಕೊಲೇಟ್ ತಿಂದ ನಾಲಿಗೆಗೆ ಬಿಯರ್ ಇನ್ನಷ್ಟು ಹುಳಿ ಅನ್ನಿಸುತ್ತದೆ. ಕುಡಿದ ಮೇಲೆ ಗಾಡಿ ಓಡಿಸುವ ಮಾತೇ ಬೇಡ.

ಇನ್ನೊಂದು ಬಾಟಲಿ ಉಳಿದರೆ ಕೊಂಡ ದಿನಾಂಕ ಬರೆದು ಕತ್ತಲಲ್ಲಿ, ತಂಪಿನಲ್ಲಿ ನಿಲ್ಲಿಸಿಡಿ. ಮೊದಲು ಹೋಗುವುದು ಚೆರ್ರಿಯ ಘಮ, ಹುರಿದ ರುಚಿ ಅದಕ್ಕಿಂತ ಬಹುಕಾಲ ಉಳಿಯುತ್ತದೆ. ಹಣ್ಣಿಗಾಗಿ ಕೊಂಡಿದ್ದರೆ ಕೆಲವೇ ತಿಂಗಳಲ್ಲಿ ತೆರೆದುಬಿಡಿ.