ಲಂಡನ್ ಹಿತ್ತಲಲ್ಲಿ ಸೌದೆ ಸ್ಮೋಕರ್: ನನ್ನ ಅನುಭವ

ನಮ್ಮ ಮನೆ ಇರುವುದು ಲಂಡನ್ನಿನ ಸ್ಮೋಕ್ ಕಂಟ್ರೋಲ್ ಏರಿಯಾದಲ್ಲಿ, ಅಂದರೆ ಹೊಗೆ ಬಿಡುವುದಕ್ಕೆ ಕಡಿವಾಣ ಇರುವ ಪ್ರದೇಶದಲ್ಲಿ. ಸೌದೆ ಹೊಗೆಯಲ್ಲಿ ಮಾಂಸ ನಿಧಾನಕ್ಕೆ ಬೇಯಿಸುವ ಒಲೆ, ಅಂದರೆ ಸ್ಮೋಕರ್, ತರುತ್ತೇನೆ ಅಂದಾಗ ಗೆಳೆಯರೆಲ್ಲ ಒಂದೇ ರಾಗ ಹಾಡಿದರು: "ಬೇಡ ಮಾರಾಯ, ಫೈನ್ ಬೀಳತ್ತೆ." ಈಗ ಬೇಸಿಗೆಯಿಡೀ ಸೌದೆ ಉರಿಸುತ್ತೇನೆ, ಒಂದು ದೂರೂ ಬಂದಿಲ್ಲ. ಅದೇ ಗೆಳೆಯರು ಡಬ್ಬ ಹಿಡಿದು ಬರುತ್ತಾರೆ.

300 ಪೌಂಡ್ ವರೆಗೆ ದಂಡ ಇರುವುದು ನಿಜ. ಆದರೆ ಅದು ಕಟ್ಟಡದ ಚಿಮಣಿಯಿಂದ ಹೊಗೆ ಬಿಟ್ಟವರಿಗೆ. ಹಿತ್ತಲ ಬಯಲಲ್ಲಿಟ್ಟ ಬಾರ್ಬೆಕ್ಯೂ, ಪಿಜ್ಜಾ ಓವನ್‌ಗೆ ಅದು ತಟ್ಟುವುದಿಲ್ಲ. ಗೆಳೆಯನೊಬ್ಬ ತೋಟದ ಶೆಡ್ಡಿನೊಳಗೆ ಓವನ್ ಕಟ್ಟಿ, ಚಾವಣಿ ಕೊರೆದು ಕೊಳವೆ ಹಾಕಿಸಿದ. ಅಲ್ಲಿ ಲೆಕ್ಕ ಬದಲಾಯಿತು. ಚಾವಣಿ ಮೇಲೆ ಚಿಮಣಿ ಬಂದರೆ ಒಪ್ಪಿಗೆ ಪಡೆದ ಇಂಧನವೇ ಆಗಬೇಕು, ಇಲ್ಲವೇ ವಿನಾಯಿತಿ ಇರುವ ಒಲೆ ಬೇಕು. ಕೊಳವೆಗೆ ಸುರಿದ ಇನ್ನೂರು ಚಿಲ್ಲರೆ ಪೌಂಡ್ ನೀರಿಗೆ ಹೋಯಿತು.

ನಮ್ಮಂಥವರು ಹೆದರಬೇಕಾದ್ದು 1990ರ ಪರಿಸರ ಸಂರಕ್ಷಣಾ ಕಾಯ್ದೆಗೆ. ಹೊಗೆಯಿಂದ ಅಕ್ಕಪಕ್ಕದವರಿಗೆ ಪದೇ ಪದೇ ಕಾಟವಾದರೆ ಕೌನ್ಸಿಲ್ ನೋಟಿಸ್ ಕೊಡಬಹುದು. ಅದನ್ನೂ ಮೀರಿದರೆ ಕೋರ್ಟು. ಹಾಗಾಗಿ ನನ್ನ ಗಮನವೆಲ್ಲ ಹೊಗೆಯ ಮೇಲೇ.

ಶುರುವಲ್ಲಿ ಕೈಕೊಟ್ಟಿದ್ದು ಸೌದೆ. ಅಗ್ಗಕ್ಕೆ ಸಿಕ್ಕ ಓಕ್, ನಲವತ್ತು ಪೌಂಡೋ ಏನೋ. ಹೊರಗೆ ತೇವ ಅಳೆಯುವ ಮೀಟರ್ ಚುಚ್ಚಿದರೆ ಶೇ. 18. ಸೀಳಿ ಒಳಗೆ ಚುಚ್ಚಿದರೆ 30 ದಾಟಿತ್ತು! ದಟ್ಟ ಬಿಳಿ ಹೊಗೆ ಎದ್ದು, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆ ಒಳಗೆ ಎಳೆದುಕೊಂಡರು. ಇಂಗ್ಲೆಂಡಿನಲ್ಲಿ 2021ರ ಮೇಯಿಂದ ಚಿಲ್ಲರೆಯಾಗಿ ಮಾರುವ ಸೌದೆಯಲ್ಲಿ ತೇವ ಶೇ. 20 ಮೀರಬಾರದು. 'ರೆಡಿ ಟು ಬರ್ನ್' ಗುರುತು ನೋಡಿ ತನ್ನಿ. ಚೀಲಕ್ಕೆ ಏಳೆಂಟು ಪೌಂಡ್ ಬೀಳತ್ತೆ. ಆದರೂ ಸೀಳಿಯೇ ಅಳೆಯಿರಿ. ಮರದ ಚಿಪ್ಸ್ ನೆನೆಸಿ ಹಾಕಿ ಅನ್ನುವವರ ಮಾತನ್ನೂ ಕೇಳಿ ನೋಡಿದೆ. ಸುಮ್ನೆ ಆವಿ.

ಈಗ ನಾನು ಮಾಡುವುದು ಹೀಗೆ. ಮೊದಲು ಕೆಂಡ ಪೂರ್ತಿ ಬೂದಿಯೇರಬೇಕು. ಆಮೇಲೇ ಸೌದೆ. ಹೆಬ್ಬೆರಳಿಗಿಂತ ತುಸು ದಪ್ಪದ ಸೀಳು, ಒಂದೊಂದೇ. ಮುಂದಿನ ಸೀಳು ಫೈರ್‌ಬಾಕ್ಸ್ (ಸೌದೆ ಉರಿಯುವ ಪೆಟ್ಟಿಗೆ) ಮೇಲೆ ಕಾಯುತ್ತಾ ಕೂತಿರುತ್ತದೆ. ಬಿಸಿಯಾಗಿರುವುದರಿಂದ ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಬಿಳಿ ಹೊಗೆ ಏಳುವುದೇ ಇಲ್ಲ. ಸ್ಮೋಕರಿನ ಚಿಮಣಿ ಪೂರ್ತಿ ತೆರೆದಿರಲಿ. ಉರಿ ಜಾಸ್ತಿಯಾಯಿತು ಅಂತ ಗಾಳಿ ಕಟ್ಟಬೇಡಿ, ಸೌದೆ ಕಡಿಮೆ ಮಾಡಿ. ಚಿಮಣಿ ಬಾಯಿಂದ ನೀಲಿ ಎಳೆಯಷ್ಟೇ ಹೊಗೆ ಕಾಣಬೇಕು.

ಮಧ್ಯೆ ತೆಂಗಿನ ಚಿಪ್ಪನ್ನೂ ಉರಿಸಿ ನೋಡಿದೆ. ಹಸಿ ಚಿಪ್ಪು ಎಣ್ಣೆ ಹೊಗೆ ಕಾರುತ್ತದೆ, ಬೇಡ. ಚಿಪ್ಪಿನ ಇದ್ದಿಲು ಮಾತ್ರ ಚಿನ್ನ. ಬ್ಯಾಡಗಿ ಮೆಣಸಿನಕಾಯಿಗೆ ಅರ್ಧ ಗಂಟೆ ಹೊಗೆ ಕೊಟ್ಟು ಚಟ್ನಿಪುಡಿ ಮಾಡಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಹಂದಿ ಭುಜಕ್ಕೆ ಸುಮಾರು 115 ಡಿಗ್ರಿ ಸೆಲ್ಸಿಯಸ್, ಹತ್ತು ಗಂಟೆ ಹತ್ತಿರ. ಮಾಂಸದ ಒಳಗೆ 94 ಮುಟ್ಟಿದರೆ ಮೂಳೆ ತಾನಾಗೇ ಕಳಚುತ್ತದೆ. ಕೊಡಗಿನ ಕಾಚಂಪುಳಿ (ಹುಳಿ ಹಣ್ಣಿನ ಕಪ್ಪು ಗಟ್ಟಿ ರಸ) ಹಚ್ಚುತ್ತೇನೆ. ಎಷ್ಟು, ಯಾವಾಗ ಅನ್ನುವುದು ನನ್ನ ಗುಟ್ಟು, ಕೇಳಬೇಡಿ. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿರುತ್ತೇನೆ, ಗಾಳಿ ಅವರ ಕಡೆ ಇದ್ದರೆ ಮುಂದಿನ ವಾರಕ್ಕೆ ಹಾಕುತ್ತೇನೆ. ಕಳೆದ ಸಲ ಅವರೇ ಕೇಳಿದರು, ಈ ಶನಿವಾರ ಇಲ್ವಾ ಅಂತ.