ಹಿಮ ಸುರಿಯುವ ಹಳ್ಳಿಮನೆಯಲ್ಲಿ ಚಳಿಗಾಲ ಕಳೆಯುವ ಬಗೆ

ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯ ದ್ವೀಪದ ಚಳಿಗಾಲವನ್ನು ರೂಪಿಸುವುದು ಆ ಸರೋವರವೇ. ವಾಯವ್ಯದ ಶೀತಗಾಳಿಯು ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು, ತೇವವನ್ನು ಹೀರಿಕೊಂಡು, ದಡ ಮುಟ್ಟಿದೊಡನೆ ಹಿಮವಾಗಿ ಸುರಿಸುತ್ತದೆ. 1978–79ರ ಚಳಿಗಾಲದಲ್ಲಿ ಇಲ್ಲಿ ಬಿದ್ದ 390.4 ಅಂಗುಲ, ಅಂದರೆ 32 ಅಡಿಗೂ ಮಿಕ್ಕಿದ ಹಿಮ, ಈ ಸೀಮೆಯ ದಾಖಲೆ. ಇಂಥ ಕಡೆ ಹಳ್ಳಿಮನೆಯಲ್ಲಿ ನೆಲೆಸುವವರು ಸಿದ್ಧತೆಯನ್ನು ಹಿಮ ಬೀಳುವ ಮೊದಲೇ ಮುಗಿಸಿಕೊಳ್ಳಬೇಕು.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮುಂಚೆ ಸೌದೆ ಕೊಟ್ಟಿಗೆ ತುಂಬಿಸುವ ಅಭ್ಯಾಸವಿದ್ದವರಿಗೆ ಮೊದಲ ಕೆಲಸ ಅಪರಿಚಿತವೇನಲ್ಲ. ಆದರೆ ಇಲ್ಲಿನ ಮೇಪಲ್ ಸೌದೆಯನ್ನು ಸೀಳಿದ ಮೇಲೆ ಒಂದು ಬೇಸಿಗೆ ಪೂರ್ತಿ, ಸಾಧ್ಯವಾದರೆ ಒಂದು ವರ್ಷ, ಗಾಳಿಯಾಡುವಂತೆ ಪೇರಿಸಿ ಒಣಗಿಸಬೇಕು, ತೇವಾಂಶ ಶೇ. 20ಕ್ಕಿಂತ ಕಡಿಮೆಯಿರಬೇಕು. ಎರಡು ಸೀಳುಗಳನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ ಟಣ್ ಎಂದು ಸದ್ದು ಬಂದು, ತುದಿಗಳಲ್ಲಿ ನಡುವಿನಿಂದ ಅಂಚಿಗೆ ಹರಿದ ಬಿರುಕುಗಳು ಕಾಣುತ್ತವೆ, ಹಸಿಯಾಗಿದ್ದರೆ ಮಂಕಾದ ದೊಪ್ಪೆಂಬ ಸದ್ದಷ್ಟೇ ಕೇಳುತ್ತದೆ. ಹಸಿ ಸೌದೆಯ ಹೊಗೆ ಹೊಗೆಗೊಳವೆಯ ಒಳಗೋಡೆಗೆ ಡಾಂಬರಿನಂಥ ಕ್ರಿಯೋಸೋಟ್ ಮೆತ್ತುತ್ತದೆ, ಮುಂದೊಂದು ರಾತ್ರಿ ಅದಕ್ಕೇ ಬೆಂಕಿ ಹತ್ತಬಹುದು. ಆದ್ದರಿಂದ ಚಳಿಗಾಲಕ್ಕೆ ಮುನ್ನ ಕೊಳವೆಯನ್ನು ಗುಡಿಸಿಸುವುದರಲ್ಲಿ ಜಿಪುಣತನ ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಒಲೆಯ ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವಂತವಾಗಿರುವುದರಿಂದ ಅದನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ, ಮನೆಯಿಂದ ದೂರವೇ ಇಡಬೇಕು.

ಕಡುಚಳಿಯ ರಾತ್ರಿಗಳಲ್ಲಿ ಕೊಳವೆಯೊಳಗಿನ ನೀರು ಹೆಪ್ಪುಗಟ್ಟದಂತೆ ಹೊರಗೋಡೆಗೆ ತಾಗಿದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ.

ಹಿಮ ಎತ್ತುವುದಕ್ಕೆ ಸಲಿಕೆಗಿಂತ ಇಲ್ಲಿನವರು ಬಳಸುವ ಅಗಲವಾದ ಸ್ಕೂಪ್ ಎಷ್ಟೋ ಮೇಲು. ಅದನ್ನು ಹಿಮದೊಳಕ್ಕೆ ನೂಕಿ, ತುಂಬಿದ ಮೇಲೆ ನೆಲದ ಮೇಲೆಯೇ ಜಾರಿಸಿಕೊಂಡು ಹೋಗುವುದರಿಂದ ಸೊಂಟಕ್ಕೂ ಎದೆಗೂ ಬೀಳುವ ಭಾರ ತಗ್ಗುತ್ತದೆ. ಹಿಮ ಮುಚ್ಚಿದ ಮೇಲೂ ದಾರಿ ಗುರುತಾಗುವಂತೆ, ಚಳಿಗೆ ನೆಲ ಗಟ್ಟಿಯಾಗುವ ಮೊದಲೇ ಮನೆದಾರಿಯ ಎರಡೂ ಅಂಚಿಗೆ ಎತ್ತರದ ಕೋಲುಗಳನ್ನು ನೆಡಬೇಕು. ಮೊದಮೊದಲ ಹಿಮವನ್ನು ದಾರಿಯಂಚಿನಿಂದ ಸಾಕಷ್ಟು ಹಿಂದಕ್ಕೆ ತಳ್ಳುವುದು ಅಗತ್ಯ, ಏಕೆಂದರೆ ನವೆಂಬರಿನಲ್ಲಿ ಅಂಚಿಗೇ ಬಿಟ್ಟ ರಾಶಿ ಜನವರಿಯ ಹೊತ್ತಿಗೆ ಗೋಡೆಯಂತೆ ಗಟ್ಟಿಯಾಗಿ, ಹೊಸ ಹಿಮ ಹಾಕಲು ಜಾಗವೇ ಉಳಿಯುವುದಿಲ್ಲ. ಅದನ್ನು ಸಾರ್ವಜನಿಕ ರಸ್ತೆಗೆ ತಳ್ಳುವುದು ಮಿಶಿಗನ್ನಿನಲ್ಲಿ ಕಾನೂನುಬಾಹಿರ.

ದಾರಿಗಿಂತಲೂ ಮೊದಲು ತೆರವು ಮಾಡಬೇಕಾದದ್ದು ಮನೆಯ ಪಕ್ಕದ ಗೋಡೆಯಿಂದ ಹೊರಬಂದಿರುವ, ಮನೆಯನ್ನು ಬೆಚ್ಚಗಿಡುವ ಯಂತ್ರವಾದ ಫರ್ನೇಸಿನ ಹೊಗೆನಳಿಕೆ. ಗಾಳಿ ಗುಡ್ಡೆಹಾಕಿದ ಹಿಮ ಅದರ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಬಹುದು; ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗುವ ಕೋಣೆಗಳ ಬಳಿ ಅದರ ಎಚ್ಚರಿಕೆ ಗಂಟೆಯನ್ನು ಅಳವಡಿಸಿ, ಬ್ಯಾಟರಿಯನ್ನು ಪರೀಕ್ಷಿಸುತ್ತಿರಿ. ಬಿರುಗಾಳಿಯ ರಾತ್ರಿ ನಾನು ಮಲಗುವ ಮುನ್ನ ಟಾರ್ಚ್ ಹಿಡಿದು ಒಮ್ಮೆ ಆ ಗೋಡೆಯ ಕಡೆ ಹೋಗಿ ಬರುತ್ತೇನೆ. ಮನೆಯಲ್ಲಿ ಮಕ್ಕಳಿರುವವರು ಇದನ್ನು ಖಂಡಿತ ರೂಢಿಸಿಕೊಳ್ಳಬೇಕು.

ಕಾರಿನ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಂತೆ ನೋಡಿಕೊಂಡು, ಕಂಬಳಿ, ಸಣ್ಣ ಸಲಿಕೆ, ಜಾರುವ ಚಕ್ರದಡಿ ಹಾಕಲು ಒಂದು ಚೀಲ ಮರಳನ್ನು ಹಿಂದೆ ಇಟ್ಟಿರಬೇಕು. ನಡುದಾರಿಯಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆದು ಹೋಗಬೇಡಿ. ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಬಿಡಿಸಿ, ಕಿಟಕಿಯನ್ನು ಬೆರಳಗಲ ಇಳಿಸಿ, ಗಂಟೆಗೆ ಸುಮಾರು 10 ನಿಮಿಷ ಮಾತ್ರ ಎಂಜಿನ್ ಓಡಿಸಿ ಬೆಚ್ಚಗಾಗಿ. ಪ್ರತಿ ಸಲ ಎಂಜಿನ್ ಚಾಲೂ ಮಾಡುವ ಮುನ್ನ ಇಳಿದು ಹೋಗಿ ಕೊಳವೆಯ ಬಾಯಿ ತೆರೆದಿದೆಯೇ ಎಂದು ನೋಡಿ.