ಟಿವಿ ಕೊಳ್ಳುವ ಮುಂಚೆ ಕೆಂಪು ಅಕ್ಷರ ನೋಡಿ

ಪಿಸಿ ಗೇಮಿಂಗ್‌ಗೆ ಮಾನಿಟರ್ ಬದಲು ದೊಡ್ಡ ಟಿವಿ ಹುಡುಕ್ತಿದ್ದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ಗೆ ಹೋಗುವಾಗ ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್ ಜೊತೆಗಿರಲಿ. ಅಂಗಡಿಯಲ್ಲೇ ಜೋಡಿಸಿ, ಕಪ್ಪು ಹಿನ್ನೆಲೆ ಮೇಲೆ ಸಣ್ಣ ಕೆಂಪು ಅಕ್ಷರದಲ್ಲಿ ಏನಾದರೂ ಟೈಪ್ ಮಾಡಿ. ಅಂಚು ಕಲಸಿಕೊಂಡಂತೆ ಕಂಡರೆ, ಟಿವಿ ಬಣ್ಣದ ವಿವರ ಕಡಿಮೆ ಮಾಡಿ ತೋರಿಸುತ್ತಿದೆ ಅಂತ. ಸಿನಿಮಾದಲ್ಲಿ ಇದು ಗೊತ್ತೇ ಆಗಲ್ಲ, ಗೇಮ್‌ನ ಸಣ್ಣ ಅಕ್ಷರ ಓದುವಾಗ ಕಣ್ಣು ನೋಯುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ, ಕೇಬಲ್ ಜೋಡಿಸಿದ ಇನ್‌ಪುಟ್‌ಗೆ 'ಪಿಸಿ' ಅಂತ ಹೆಸರು ಕೊಟ್ಟು, ಗೇಮ್ ಮೋಡ್ ಹಾಕಿ. ಎಷ್ಟೋ ಟಿವಿಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಹೋಗಲಿಲ್ವಾ, ಬೇರೆ ಮಾಡೆಲ್ ನೋಡಿ. ಆದರೆ ಮೇಜಿನ ಮುಂದೆ 2 ಅಡಿ ದೂರದಲ್ಲಿ ಕೂರುವವರಿಗೆ ಇದೆಲ್ಲ ಸುಮ್ನೆ: 55 ಇಂಚಿನ 4ಕೆ ಟಿವಿಯಲ್ಲಿ ಇಂಚಿಗೆ ಸುಮಾರು 80 ಪಿಕ್ಸೆಲ್, 27 ಇಂಚಿನ 1440ಪಿ ಮಾನಿಟರ್‌ನಲ್ಲಿ 109. ಇಂಚಿಗೆ ಪಿಕ್ಸೆಲ್ ಹೆಚ್ಚಿದ್ದಷ್ಟೂ ಅಕ್ಷರ ಸ್ಪಷ್ಟ, ಹಾಗಾಗಿ ಅಷ್ಟು ಹತ್ತಿರಕ್ಕೆ ಮಾನಿಟರೇ ವಾಸಿ.